ಕಾವಲು: ಓಡುತ್ತಿರುವ ಪ್ರೋಸೆಸ್‌ಗಳನ್ನು ನೋಡಿಕೊಳ್ಳುವ ಸಣ್ಣ ಹಿನ್ನೆಲೆ ಸೇವೆಯೊಂದನ್ನು ಕಟ್ಟಿದ ದಾಖಲೆ

ಸ್ಕ್ಯಾನ್ ಮಾಡಿದ ಪುಟಗಳ ಚಿತ್ರಗಳನ್ನು ಪಠ್ಯವಾಗಿ ಪರಿವರ್ತಿಸುವ ಕೆಲಸ ನನ್ನ ಲಿನಕ್ಸ್ ಯಂತ್ರದಲ್ಲಿ ಹಗಲಿರುಳು ನಡೆಯುತ್ತದೆ. ಹೊಸ ಚಿತ್ರಗಳು ಬಂದಿವೆಯೇ ಎಂದು ಗಮನಿಸುವ ಒಂದು ಪ್ರೋಗ್ರಾಂ, ಸರತಿಯ ಉದ್ದಕ್ಕೆ ತಕ್ಕಂತೆ ಎರಡರಿಂದ ಆರರವರೆಗೆ ಪರಿವರ್ತಕಗಳು, ಸಿದ್ಧವಾದ ಪಠ್ಯಕ್ಕೆ ಹುಡುಕುಸೂಚಿ ಕಟ್ಟುವ ಇನ್ನೊಂದು ಪ್ರೋಗ್ರಾಂ, ಇವಿಷ್ಟೂ ಸದಾ ಓಡುತ್ತಿರಬೇಕು. ಪರಿವರ್ತಕವೊಂದು ಕೆಟ್ಟ ಚಿತ್ರವನ್ನು ಓದಲು ಹೋಗಿ ನಡುರಾತ್ರಿ ಬಿದ್ದುಹೋದರೆ, ಬೆಳಗಾಗುವಷ್ಟರಲ್ಲಿ ನೂರಾರು ಪುಟಗಳು ಸರತಿಯಲ್ಲೇ ಉಳಿದಿರುತ್ತಿದ್ದವು. ಇವನ್ನೆಲ್ಲ ಶುರುಮಾಡುವ, ಬಿದ್ದರೆ ಮತ್ತೆ ಎಬ್ಬಿಸುವ, ಹೇಳಿದಾಗ ಕ್ರಮವಾಗಿ ನಿಲ್ಲಿಸುವ ಸಣ್ಣದೊಂದು ಹಿನ್ನೆಲೆ ಸೇವೆಯನ್ನು ಸಿ ಭಾಷೆಯಲ್ಲಿ ಬರೆದು ಅದಕ್ಕೆ ‘ಕಾವಲು’ ಎಂದು ಹೆಸರಿಟ್ಟೆ. ಅದನ್ನು ಕಟ್ಟುವಾಗ ಎಲ್ಲೆಲ್ಲಿ ಎಡವಿದೆ, ಹೇಗೆ ಸರಿಪಡಿಸಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಇಷ್ಟನ್ನು ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಮಾಡುವುದಿಲ್ಲವೇ ಎಂಬ ಪ್ರಶ್ನೆ ಸಹಜವಾದದ್ದೇ. ಮಾಡುತ್ತದೆ, ಬಹಳ ಚೆನ್ನಾಗಿಯೇ ಮಾಡುತ್ತದೆ; ಕಾವಲು ಕೂಡ ಈಗ ಸಿಸ್ಟಮ್‌ಡಿಯ ಒಂದು ಸೇವೆಯಾಗಿಯೇ ಓಡುತ್ತಿದೆ. ಆದರೆ ಸರತಿ ಬೆಳೆದಂತೆ ಪರಿವರ್ತಕಗಳನ್ನು ಹೆಚ್ಚಿಸುವ, ಕರಗಿದಂತೆ ಇಳಿಸುವ ತೀರ್ಮಾನ ಸರತಿಯ ಸ್ಥಿತಿಯನ್ನು ಬಲ್ಲ ಪ್ರೋಗ್ರಾಮಿನಲ್ಲೇ ಇರುವುದು ನನಗೆ ಅನುಕೂಲವಾಗಿತ್ತು. ಅದರ ಜೊತೆಗೆ, ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಮುಗಿಯಿತು ಎಂಬ ಸಂಗತಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಿಂದ ನಮ್ಮವರೆಗೆ ಹೇಗೆ ಬಂದು ತಲುಪುತ್ತದೆ ಎಂಬುದನ್ನು ಕೈಯಾರೆ ಮಾಡಿ ತಿಳಿಯಬೇಕೆಂಬ ಆಸೆಯೂ ಬಹಳ ದಿನಗಳಿಂದ ಇತ್ತು.

ಇದಕ್ಕೆ ಮೊದಲು ಇದ್ದದ್ದು ಒಂದು ಶೆಲ್ ಸ್ಕ್ರಿಪ್ಟ್. ಪ್ರತಿಯೊಂದು ಪ್ರೋಗ್ರಾಂ ಶುರುವಾಗುವಾಗ ತನ್ನ ಪಿಐಡಿಯನ್ನು, ಅಂದರೆ ಕರ್ನಲ್ ಪ್ರತಿ ಪ್ರೋಸೆಸ್‌ಗೂ ಕೊಡುವ ಗುರುತಿನ ಸಂಖ್ಯೆಯನ್ನು, ಒಂದು ಕಡತದಲ್ಲಿ ಬರೆದಿಡುತ್ತಿತ್ತು. ನಿಗದಿತ ಸಮಯಕ್ಕೆ ಕೆಲಸಗಳನ್ನು ಓಡಿಸುವ ಕ್ರಾನ್ ನಿಮಿಷಕ್ಕೊಮ್ಮೆ ಓಡಿಸುತ್ತಿದ್ದ ಸ್ಕ್ರಿಪ್ಟ್ ಆ ಸಂಖ್ಯೆಗೆ ಸೊನ್ನೆ ಸಿಗ್ನಲ್ (ಸಿಗ್ನಲ್ ಎಂದರೆ ಪ್ರೋಸೆಸ್‌ಗೆ ಹೋಗುವ ಪುಟ್ಟ ಸೂಚನೆ) ಕಳುಹಿಸಿ, ಅಂಥ ಪ್ರೋಸೆಸ್ ಇದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಹೊಸದನ್ನು ಶುರುಮಾಡುತ್ತಿತ್ತು. ಈ ವಿಧಾನದ ದೋಷ ಆ ಸಂಖ್ಯೆಯಲ್ಲೇ ಇದೆ. ಲಿನಕ್ಸ್‌ನಲ್ಲಿ ಪಿಐಡಿ ಮಿತಿ ಮೂಲತಃ 32768. 64 ಬಿಟ್ ಯಂತ್ರಗಳಲ್ಲಿ ಅದನ್ನು 4194304ರವರೆಗೆ ಏರಿಸಬಹುದು. ಮಿತಿ ಎಷ್ಟೇ ಇರಲಿ, ಸುತ್ತು ಮುಗಿದ ಮೇಲೆ ಕರ್ನಲ್ ಹಳೆಯ ಸಂಖ್ಯೆಗಳನ್ನು ಮತ್ತೆ ಕೊಡುತ್ತದೆ, ಯಂತ್ರವನ್ನು ಮರಳಿ ಶುರುಮಾಡಿದಾಗಲಂತೂ ಎಣಿಕೆ ಮೊದಲಿನಿಂದಲೇ ಆರಂಭವಾಗುತ್ತದೆ. ಒಮ್ಮೆ ಹೀಗೆ ಮರಳಿ ಶುರುವಾದ ಯಂತ್ರದಲ್ಲಿ, ಹಿಂದಿನ ದಿನದ ಕಡತದಲ್ಲಿ ಉಳಿದಿದ್ದ ಸಂಖ್ಯೆ ನಾನು ಬಳಸುತ್ತಿದ್ದ ಪಠ್ಯ ಸಂಪಾದಕಕ್ಕೆ ಸಿಕ್ಕಿತ್ತು. ಪರಿವರ್ತಕ ಓಡುತ್ತಿದೆ ಎಂದು ಸ್ಕ್ರಿಪ್ಟ್ ತಪ್ಪಾಗಿ ನಂಬಿದ್ದು ಒಂದು ಕಡೆಯಾದರೆ, ಪರಿವರ್ತಕವನ್ನು ನಿಲ್ಲಿಸಲು ಹೇಳಿದಾಗ ನನ್ನ ಸಂಪಾದಕವೇ ಮುಚ್ಚಿಹೋದದ್ದು ಇನ್ನೊಂದು ಕಡೆ.

ಆದ್ದರಿಂದ ಕಾವಲಿನ ಮೊದಲ ನಿಯಮವನ್ನು ಹೀಗೆ ಗೊತ್ತುಮಾಡಿಕೊಂಡೆ: ತಾನೇ ಹುಟ್ಟಿಸಿದ ಮರಿ ಪ್ರೋಸೆಸ್‌ಗಳನ್ನು ಮಾತ್ರ ಅದು ನೋಡಿಕೊಳ್ಳಬೇಕು, ಬೇರೆಯವರು ಬರೆದಿಟ್ಟ ಸಂಖ್ಯೆಯನ್ನು ಎಂದೂ ನಂಬಬಾರದು. ಮರಿ ಸತ್ತರೂ ತಾಯಿ ಪ್ರೋಸೆಸ್ ‘ವೇಟ್’ ಕರೆಯ ಮೂಲಕ ಅದರ ಅಂತಿಮ ಸ್ಥಿತಿಯನ್ನು ಪಡೆಯುವವರೆಗೆ ಕರ್ನಲ್ ಆ ಪಿಐಡಿಯನ್ನು ಮತ್ತೊಬ್ಬರಿಗೆ ಕೊಡುವುದಿಲ್ಲ. ಜೋಂಬಿ ಎಂದು ಎಲ್ಲರೂ ದೂರುವ ಆ ಸ್ಥಿತಿ ನಿಜಕ್ಕೂ ಒಂದು ರಕ್ಷಣೆ. ತಾಯಿ ಒಂದೇ ಥ್ರೆಡ್‌ನಲ್ಲಿ (ಒಂದೇ ಕೆಲಸದ ಎಳೆಯಲ್ಲಿ) ಓಡುತ್ತಿದ್ದು, ಇನ್ನೂ ವೇಟ್ ಮಾಡದ ಮರಿಗೆ ಸಿಗ್ನಲ್ ಕಳುಹಿಸಿದರೆ ಅದು ತಪ್ಪು ವಿಳಾಸಕ್ಕೆ ಹೋಗುವ ಸಾಧ್ಯತೆಯೇ ಇಲ್ಲ.

ಮೊದಲ ಆವೃತ್ತಿ ನೂರೈವತ್ತು ಸಾಲುಗಳಷ್ಟಿತ್ತು: ಫೋರ್ಕ್ ಮಾಡು (ತನ್ನದೇ ನಕಲಾಗಿ ಮರಿಯನ್ನು ಹುಟ್ಟಿಸು), ಮರಿಯಲ್ಲಿ ಎಕ್ಸೆಕ್ ಮಾಡು (ಬೇಕಾದ ಪ್ರೋಗ್ರಾಂ ಅನ್ನು ಅದರೊಳಗೆ ತಾ), ಮರಿ ಸತ್ತಾಗ ತಾಯಿಗೆ ಬರುವ ಸಿಗ್‌ಚೈಲ್ಡ್ ಸಿಗ್ನಲ್ ಬಂದಾಗ ಹ್ಯಾಂಡ್ಲರ್‌ನಲ್ಲಿ (ಸಿಗ್ನಲ್ ಬಂದೊಡನೆ ಓಡುವ ಫಂಕ್ಷನ್‌ನಲ್ಲಿ) ವೇಟ್‌ನ ಒಂದು ರೂಪವಾದ ವೇಟ್‌ಪಿಡ್ ಕರೆದು, ಲಾಗ್ ಕಡತದಲ್ಲಿ ಒಂದು ಸಾಲು ಬರೆದು, ಹೊಸ ಮರಿಯನ್ನು ಹುಟ್ಟಿಸು. ಒಂದೊಂದೇ ಮರಿಯನ್ನು ಕೊಂದು ನೋಡಿದಾಗ ಎಲ್ಲವೂ ಸರಿಯಾಗಿಯೇ ಕಂಡಿತು. ಅನಂತರ ಒಂದು ಸೆಕೆಂಡ್ ಮಲಗಿ ಮುಗಿದುಹೋಗುವ ಆರು ಪ್ರೋಗ್ರಾಂಗಳನ್ನು ಒಟ್ಟಿಗೆ ಶುರುಮಾಡಿದೆ. ಕೆಲವು ಮಾತ್ರ ಮತ್ತೆ ಎದ್ದವು. ಉಳಿದವು ಪಿಎಸ್ ಪಟ್ಟಿಯಲ್ಲಿ ‘ಡಿಫಂಕ್ಟ್’ ಎಂಬ ಗುರುತಿನೊಂದಿಗೆ ಜೋಂಬಿಗಳಾಗಿ ನಿಂತಿದ್ದವು. ಕಾರಣ ಸರಳ: ಸಾಮಾನ್ಯ ಸಿಗ್ನಲ್‌ಗಳು ಸಾಲುಗಟ್ಟಿ ನಿಲ್ಲುವುದಿಲ್ಲ. ಒಂದು ಸಿಗ್‌ಚೈಲ್ಡ್ ಬಾಕಿ ಇರುವಾಗಲೇ ಇನ್ನೂ ಮೂರು ಮರಿಗಳು ಸತ್ತರೆ ಅವುಗಳ ಸುದ್ದಿಯೆಲ್ಲ ಅದೇ ಒಂದು ಸಿಗ್ನಲ್‌ನಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಸಿಗ್ನಲ್ ಬಂದಾಗ ‘ಒಂದು ಮರಿ ಸತ್ತಿದೆ’ ಎಂದಲ್ಲ, ‘ಒಂದಾದರೂ ಸತ್ತಿರಬಹುದು, ಹೋಗಿ ನೋಡು’ ಎಂದು ತಿಳಿಯಬೇಕು, ಮತ್ತು ಕಾಯದೆ ಮರಳುವ ಆಯ್ಕೆಯೊಂದಿಗೆ ವೇಟ್‌ಪಿಡ್ ಅನ್ನು ಇನ್ನಾರೂ ಉಳಿದಿಲ್ಲ ಎನ್ನುವವರೆಗೆ ಮತ್ತೆ ಮತ್ತೆ ಕರೆಯಬೇಕು.

ಹ್ಯಾಂಡ್ಲರ್‌ನೊಳಗಿಂದ ಲಾಗ್ ಬರೆಯುವುದು ಇನ್ನೊಂದು ತಪ್ಪಾಗಿತ್ತು. ಮುಖ್ಯ ಕೋಡ್, ಪಠ್ಯ ಬರೆಯುವ ಪ್ರಿಂಟ್‌ಎಫ್‌ನ ನಡುವೆ ಇರುವಾಗಲೇ ಸಿಗ್ನಲ್ ಬಂದು, ಹ್ಯಾಂಡ್ಲರ್ ಕೂಡ ಪ್ರಿಂಟ್‌ಎಫ್ ಕರೆದರೆ, ಈಗಾಗಲೇ ಹಿಡಿದಿರುವ ಬೀಗಕ್ಕಾಗಿ ಪ್ರೋಗ್ರಾಂ ತನ್ನನ್ನೇ ತಾನು ಕಾಯುತ್ತಾ ನಿಲ್ಲಬಹುದು. ಹಾಗಾಗಿ ಹ್ಯಾಂಡ್ಲರ್‌ಗಳನ್ನೇ ತೆಗೆದುಹಾಕಿದೆ. ಸಿಗ್‌ಚೈಲ್ಡ್, ಸಿಗ್‌ಟರ್ಮ್ (ಮುಗಿಸು ಎಂಬ ಕೋರಿಕೆ), ಸಿಗ್‌ಇಂಟ್ (ಕೀಲಿಮಣೆಯಿಂದ ಬರುವ ತಡೆ), ಸಿಗ್‌ಹಪ್ (ಟರ್ಮಿನಲ್ ಕಡಿದುಹೋದ ಸುದ್ದಿ) ಈ ನಾಲ್ಕನ್ನೂ ಆರಂಭದಲ್ಲೇ ತಡೆಹಿಡಿದು, ಸಿಗ್ನಲ್‌ಎಫ್‌ಡಿ ಎಂಬ ಲಿನಕ್ಸ್ ಸೌಲಭ್ಯದ ಮೂಲಕ ಅವನ್ನು ಒಂದು ಕಡತದಿಂದ ಓದುವಂತೆ ಓದತೊಡಗಿದೆ. ಈಗ ಕಾವಲಿನ ಎದೆಯಲ್ಲಿರುವುದು ಒಂದೇ ಒಂದು ಪೋಲ್ ಲೂಪ್, ಅಂದರೆ ಹಲವು ಕಡೆಗಳಲ್ಲಿ ಯಾವುದರಿಂದ ಏನು ಬಂತೆಂದು ಒಟ್ಟಿಗೆ ಕಾಯುವ ಸುತ್ತು: ಸಿಗ್ನಲ್‌ಗಳು, ಮರಿಗಳ ಔಟ್‌ಪುಟ್ ಹರಿದುಬರುವ ಪೈಪ್‌ಗಳು, ಹೊರಗಿನಿಂದ ಆದೇಶ ಕೊಡುವ ಸಂಪರ್ಕಬಿಂದುವಾದ ಸಾಕೆಟ್ ಮತ್ತು ಟೈಮರ್, ಎಲ್ಲವೂ ಅದೇ ಬಾಗಿಲಿನಿಂದ ಒಂದಾದ ಮೇಲೊಂದರಂತೆ ಒಳಗೆ ಬರುತ್ತವೆ. ಈ ಬದಲಾವಣೆಯ ನಂತರ ಕೋಡ್ ಓದಲು ಎಷ್ಟು ಹಗುರವಾಯಿತೆಂದರೆ, ಇದನ್ನು ಮೊದಲ ದಿನವೇ ಮಾಡಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆದರೆ ಈ ಬದಲಾವಣೆಯೇ ಮುಂದೆ ಎರಡು ಸಂಜೆಗಳನ್ನು ತೆಗೆದುಕೊಂಡ ದೋಷವನ್ನೂ ಜೊತೆಗೆ ತಂದಿತು. ನಿಲ್ಲಿಸುವ ಆದೇಶ ಬಂದಾಗ ಕಾವಲು ಮೊದಲು 15ನೆಯ ಸಿಗ್ನಲ್ ಆದ ಸಿಗ್‌ಟರ್ಮ್ ಕಳುಹಿಸಿ, ಹತ್ತು ಸೆಕೆಂಡ್ ಕಾಯ್ದು, ಆಗಲೂ ಮರಿ ಹೋಗದಿದ್ದರೆ ಬಲವಂತವಾಗಿ ಕೊಲ್ಲುವ 9ನೆಯ ಸಿಗ್‌ಕಿಲ್ ಕಳುಹಿಸುತ್ತದೆ. ಪರಿವರ್ತಕ ಸಿಗ್‌ಟರ್ಮ್ ಬಂದ ಕೂಡಲೇ ಕೈಯಲ್ಲಿರುವ ಪುಟವನ್ನು ಸರತಿಗೆ ಮರಳಿಸಿ, ತಾತ್ಕಾಲಿಕ ಕಡತಗಳನ್ನು ಅಳಿಸಿ ಹೊರಡುವಂತೆ ಬರೆಯಲಾಗಿದೆ. ಟರ್ಮಿನಲ್‌ನಿಂದ ನೇರವಾಗಿ ಓಡಿಸಿದಾಗ ಅದು ಕ್ಷಣದಲ್ಲಿ ಹಾಗೆಯೇ ಮಾಡುತ್ತಿತ್ತು. ಕಾವಲಿನ ಕೆಳಗೆ ಓಡಿಸಿದರೆ ಮಾತ್ರ ಪ್ರತಿ ಸಲವೂ ಹತ್ತು ಸೆಕೆಂಡ್ ಪೂರ್ತಿ ಕಳೆದು, ‘ಸಿಗ್ನಲ್ 9ರಿಂದ ಮುಗಿಯಿತು’ ಎಂಬ ಸಾಲು ಲಾಗ್‌ನಲ್ಲಿ ಬರುತ್ತಿತ್ತು, ಅರೆಬರೆ ಬರೆದ ತಾತ್ಕಾಲಿಕ ಕಡತಗಳು ಹಾಗೇ ಉಳಿಯುತ್ತಿದ್ದವು. ಪರಿವರ್ತಕದ ಹ್ಯಾಂಡ್ಲರ್‌ನಲ್ಲೇ ದೋಷವಿದೆಯೆಂದು ಬಗೆದು ಅದನ್ನು ಸಾಲು ಸಾಲಾಗಿ ಪರೀಕ್ಷಿಸಿದೆ. ಅಲ್ಲಿ ಏನೂ ಸಿಗಲಿಲ್ಲ.

ಕೊನೆಗೆ ಸಿಗ್‌ಟರ್ಮ್ ಕಳುಹಿಸಿದ ಮೇಲಿನ ಆ ಹತ್ತು ಸೆಕೆಂಡುಗಳೊಳಗೆ ಪ್ರೋಸೆಸ್‌ಗಳ ವಿವರಗಳನ್ನು ಕರ್ನಲ್ ತೋರಿಸುವ ‘ಪ್ರಾಕ್’ ಕಡತಕೋಶದಲ್ಲಿ ಆ ಮರಿಯ ಸ್ಥಿತಿ ಕಡತವನ್ನು ತೆರೆದು ನೋಡಿದೆ. ತಡೆಹಿಡಿದ ಸಿಗ್ನಲ್‌ಗಳನ್ನು ತೋರಿಸುವ ಸಾಲಿನಲ್ಲಿ 14003 ಎಂಬ ಹದಿನಾರರ ಮಾನದ ಸಂಖ್ಯೆ ಇತ್ತು. ಬಾಕಿ ಇರುವ ಸಿಗ್ನಲ್‌ಗಳ ಸಾಲಿನಲ್ಲಿ 4000 ಇತ್ತು. ಇಲ್ಲಿ ಪ್ರತಿಯೊಂದು ಸಿಗ್ನಲ್‌ಗೂ ಒಂದೊಂದು ಬಿಟ್ ಇದ್ದು, ಸಿಗ್ನಲ್ ಸಂಖ್ಯೆಯಲ್ಲಿ ಒಂದನ್ನು ಕಳೆದರೆ ಬಿಟ್‌ನ ಸ್ಥಾನ ಸಿಗುತ್ತದೆ. 14003 ಎಂಬುದನ್ನು ಬಿಡಿಸಿದಾಗ 10000 ಎಂದರೆ 17ನೆಯ ಸಿಗ್‌ಚೈಲ್ಡ್, 4000 ಎಂದರೆ 15ನೆಯ ಸಿಗ್‌ಟರ್ಮ್, 2 ಎಂದರೆ ಸಿಗ್‌ಇಂಟ್, 1 ಎಂದರೆ ಸಿಗ್‌ಹಪ್. ನಾನೇ ಕಾವಲಿನಲ್ಲಿ ತಡೆಹಿಡಿದಿದ್ದ ಅದೇ ನಾಲ್ಕು. ತಡೆಹಿಡಿದ ಸಿಗ್ನಲ್‌ಗಳ ಪಟ್ಟಿ ಫೋರ್ಕ್‌ನಲ್ಲಿ ತಾಯಿಯಿಂದ ಮರಿಗೆ ಇಳಿದುಬರುತ್ತದೆ, ಎಕ್ಸೆಕ್ ಆದ ಮೇಲೂ ಅಳಿಸಿಹೋಗುವುದಿಲ್ಲ. ಪರಿವರ್ತಕಕ್ಕೆ ಸಿಗ್‌ಟರ್ಮ್ ತಲುಪಿತ್ತು, ಆದರೆ ಅದು ಬಾಗಿಲಾಚೆಯೇ ಬಾಕಿಯಾಗಿ ನಿಂತಿತ್ತು. ಯಾರಿಗೂ ತಡೆಯಲಾಗದ ಸಿಗ್‌ಕಿಲ್ ಮಾತ್ರ ಒಳಗೆ ನುಗ್ಗುತ್ತಿತ್ತು.

ಪರಿಹಾರ ಎರಡೇ ಸಾಲು: ಫೋರ್ಕ್ ಆದ ಮೇಲೆ, ಎಕ್ಸೆಕ್‌ಗೆ ಮೊದಲು, ಮರಿಯಲ್ಲಿ ಆ ಪಟ್ಟಿಯನ್ನು ಬರಿದುಮಾಡುವುದು. ಅದೇ ಸ್ಥಿತಿ ಕಡತದಲ್ಲಿ, ಕಡೆಗಣಿಸುವ ಸಿಗ್ನಲ್‌ಗಳ ಸಾಲಿನಲ್ಲಿ 1000 ಎಂದಿರುವುದೂ ಆಗಲೇ ಕಣ್ಣಿಗೆ ಬಿತ್ತು. ಅದು 13ನೆಯ ಸಿಗ್‌ಪೈಪ್, ಓದುವವರಿಲ್ಲದ ಕಡೆಗೆ ಬರೆದಾಗ ಬರುವ ಸಿಗ್ನಲ್. ಸಾಕೆಟ್‌ನ ಆಚೆ ಬದಿಯವರು ನಡುವೆ ಎದ್ದುಹೋದರೆ ಕಾವಲು ಸಾಯಬಾರದೆಂದು ಅದನ್ನು ಕಡೆಗಣಿಸುವಂತೆ ಮಾಡಿದ್ದೆ, ಆ ಕಡೆಗಣನೆಯೂ ಎಕ್ಸೆಕ್ ದಾಟಿ ಮರಿಗೆ ಇಳಿದಿತ್ತು. ಹ್ಯಾಂಡ್ಲರ್ ಇಟ್ಟ ಸಿಗ್ನಲ್‌ಗಳು ಎಕ್ಸೆಕ್‌ನಲ್ಲಿ ಮೂಲಸ್ಥಿತಿಗೆ ಮರಳುತ್ತವೆ, ಕಡೆಗಣಿಸಿದವು ಮರಳುವುದಿಲ್ಲ. ಈಗ ಮರಿಯಲ್ಲಿ ಇದನ್ನೂ ಮೂಲಸ್ಥಿತಿಗೆ ತರುತ್ತೇನೆ. ಇಂಥ ಸೇವೆಯನ್ನು ಬರೆಯುವವರು ಮೊದಲ ಮರಿ ಹುಟ್ಟಿದ ಕೂಡಲೇ ಅದರ ಸ್ಥಿತಿ ಕಡತದ ಈ ಸಾಲುಗಳನ್ನು ಒಮ್ಮೆ ಓದಿ ನೋಡಬೇಕೆಂದು ಒತ್ತಿ ಹೇಳುತ್ತೇನೆ.

ಎಕ್ಸೆಕ್ ವಿಫಲವಾದದ್ದನ್ನು ತಿಳಿಯುವ ಬಗೆ ಚಿಕ್ಕದಾದರೂ ನನಗೆ ಬಹಳ ಮೆಚ್ಚುಗೆಯಾದದ್ದು. ಪ್ರೋಗ್ರಾಮಿನ ಹೆಸರು ತಪ್ಪಾಗಿದ್ದರೆ ಫೋರ್ಕ್ ಯಶಸ್ವಿಯಾಗಿಯೇ ಇರುತ್ತದೆ, ಎಕ್ಸೆಕ್ ಮಾತ್ರ ಸೋಲುತ್ತದೆ. ಹೊರಗಿನಿಂದ ನೋಡಿದರೆ ಅದು ಶುರುವಾಗಿ ತಕ್ಷಣ ಸತ್ತ ಪ್ರೋಗ್ರಾಮಿನಂತೆಯೇ ಕಾಣುತ್ತದೆ. ಅದಕ್ಕಾಗಿ ಫೋರ್ಕ್‌ಗೆ ಮೊದಲು, ಎಕ್ಸೆಕ್ ಆದೊಡನೆ ತಾನಾಗಿ ಮುಚ್ಚಿಕೊಳ್ಳುವ ಗುರುತಿರುವ ಒಂದು ಪೈಪ್ ತೆರೆಯುತ್ತೇನೆ. ಎಕ್ಸೆಕ್ ಸೋತರೆ ಮರಿ ಆ ಪೈಪ್‌ನಲ್ಲಿ ದೋಷಸಂಖ್ಯೆಯನ್ನು ಬರೆದು ಹೊರಡುತ್ತದೆ. ಗೆದ್ದರೆ ಪೈಪ್ ಮುಚ್ಚಿಹೋಗಿ ತಾಯಿಗೆ ಬರಿಯ ಕಡತಾಂತ್ಯ ಕಾಣುತ್ತದೆ. ಮೌನವೆಂದರೆ ಯಶಸ್ಸು ಎಂದು ಓದಿಕೊಳ್ಳಬಹುದು.

ಇನ್ನು, ಕಾವಲು ಸ್ವತಃ ಸದ್ದಿಲ್ಲದೆ ಸತ್ತ ಪ್ರಸಂಗ. ಮರಿಗಳು ತಮ್ಮ ಕೆಳಗೆ ಮತ್ತೆ ಬೇರೆ ಪ್ರೋಸೆಸ್‌ಗಳನ್ನು ಹುಟ್ಟಿಸುತ್ತವೆ. ಮರಿಯೊಂದನ್ನೇ ಕೊಂದರೆ ಮೊಮ್ಮಕ್ಕಳು ಹಾಗೇ ಉಳಿಯುತ್ತವೆ. ಆದ್ದರಿಂದ ಪ್ರತಿಯೊಂದು ಮರಿಯನ್ನೂ ಅದರದೇ ಪ್ರೋಸೆಸ್ ಗುಂಪಿನಲ್ಲಿ ಇರಿಸಿ, ಸಿಗ್ನಲ್ ಕಳುಹಿಸುವ ಕಿಲ್ ಕರೆಗೆ ಋಣ ಚಿಹ್ನೆಯ ಸಂಖ್ಯೆ ಕೊಟ್ಟು ಇಡೀ ಗುಂಪಿಗೆ ಸಿಗ್ನಲ್ ಕಳುಹಿಸುವಂತೆ ಮಾಡಿದ್ದೆ. ಎರಡು ದಿನ ಸರಿಯಾಗಿ ಓಡಿದ ಕಾವಲು ಮೂರನೆಯ ದಿನ ಮಾಯವಾಗಿತ್ತು, ಲಾಗ್‌ನಲ್ಲಿ ಒಂದಕ್ಷರವೂ ಇರಲಿಲ್ಲ. ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಜೋಡಿಸಿ ಪರಿವರ್ತಕಗಳನ್ನು ಮತ್ತೆ ಮತ್ತೆ ನಿಲ್ಲಿಸಿ ಶುರುಮಾಡುತ್ತಾ ಹೋದಾಗ ಕೊನೆಯ ಸಾಲು ಸಿಕ್ಕಿತು: ಸೊನ್ನೆ ಎಂಬ ಪಿಐಡಿಗೆ ಸಿಗ್‌ಕಿಲ್. ಮರಿ ಸತ್ತ ಮೇಲೆ ಪಟ್ಟಿಯಲ್ಲಿ ಅದರ ಸಂಖ್ಯೆಯ ಜಾಗದಲ್ಲಿ ಸೊನ್ನೆ ಬರೆಯುತ್ತಿದ್ದೆ, ಆದರೆ ಹತ್ತು ಸೆಕೆಂಡಿನ ಟೈಮರ್ ಅನ್ನು ರದ್ದುಮಾಡಲು ಮರೆತಿದ್ದೆ. ಮರಿ ಮೂರೇ ಸೆಕೆಂಡಿನಲ್ಲಿ ಸಭ್ಯವಾಗಿ ಹೊರಟು, ಅದರ ಜಾಗದಲ್ಲಿ ಹೊಸದು ಇನ್ನೂ ಬಾರದಿದ್ದಾಗ, ಟೈಮರ್ ಎದ್ದು ಋಣ ಸೊನ್ನೆಗೆ ಸಿಗ್‌ಕಿಲ್ ಕಳುಹಿಸುತ್ತಿತ್ತು. ಋಣ ಸೊನ್ನೆ ಎಂದರೆ ಸೊನ್ನೆಯೇ. ಕಿಲ್ ಕರೆಯಲ್ಲಿ ಸೊನ್ನೆ ಎಂದರೆ ‘ನನ್ನದೇ ಗುಂಪು’. ಋಣ ಒಂದು ಎಂಬುದು ಇನ್ನೂ ಅಪಾಯಕಾರಿ, ಏಕೆಂದರೆ ಅದು ನನಗೆ ಅನುಮತಿ ಇರುವ ಎಲ್ಲ ಪ್ರೋಸೆಸ್‌ಗಳಿಗೂ ಸಿಗ್ನಲ್ ಕಳುಹಿಸುತ್ತದೆ. ಈಗ ಕಿಲ್ ಅನ್ನು ನೇರವಾಗಿ ಎಲ್ಲಿಯೂ ಕರೆಯುವುದಿಲ್ಲ. ಸಂಖ್ಯೆ ಒಂದಕ್ಕಿಂತ ದೊಡ್ಡದೇ ಎಂದು ಪರೀಕ್ಷಿಸಿ ಆಮೇಲೆ ಮುಂದುವರಿಯುವ ಒಂದೇ ಫಂಕ್ಷನ್‌ನ ಮೂಲಕ ಮಾತ್ರ ಕರೆಯುತ್ತೇನೆ.

ಆ ಸಾವು ಇನ್ನೊಂದು ತಪ್ಪನ್ನೂ ಹೊರಗೆಳೆಯಿತು. ಎರಡು ಕಾವಲುಗಳು ಒಟ್ಟಿಗೆ ಓಡಬಾರದೆಂದು ಒಂದು ಬೀಗ ಕಡತವನ್ನು ತೆರೆದು ಎಫ್‌ಲಾಕ್ ಕರೆಯಿಂದ ಬೀಗ ಹಾಕುತ್ತಿದ್ದೆ. ಕಾವಲು ಸತ್ತ ಮೇಲೆ ಹೊಸದನ್ನು ಶುರುಮಾಡಲು ಹೋದರೆ ‘ಈಗಾಗಲೇ ಓಡುತ್ತಿದೆ’ ಎಂಬ ಉತ್ತರ. ತೆರೆದ ಆ ಕಡತ ಮರಿಗಳಿಗೂ ಇಳಿದುಬಂದಿತ್ತು, ಮತ್ತು ಅನಾಥವಾಗಿ ಓಡುತ್ತಿದ್ದ ಪರಿವರ್ತಕಗಳು ತಮಗೆ ಗೊತ್ತಿಲ್ಲದೆಯೇ ಬೀಗವನ್ನು ಹಿಡಿದುಕೊಂಡಿದ್ದವು. ಎಕ್ಸೆಕ್ ಆದೊಡನೆ ಮುಚ್ಚುವ ಗುರುತನ್ನು ಈಗ ಕಾವಲು ತೆರೆಯುವ ಪ್ರತಿಯೊಂದು ಕಡತಕ್ಕೂ ಹಾಕುತ್ತೇನೆ. ಅನಾಥರಾಗುವುದನ್ನು ತಪ್ಪಿಸಲು, ತಾಯಿ ಸತ್ತರೆ ತನಗೆ ಸಿಗ್‌ಟರ್ಮ್ ಬರಲಿ ಎಂದು ಮರಿಯೇ ಪಿಆರ್‌ಸಿಟಿಎಲ್ ಕರೆಯಿಂದ ಕೇಳಿಕೊಳ್ಳುತ್ತದೆ. ಕೇಳುವ ಮೊದಲೇ ತಾಯಿ ಸತ್ತಿರುವ ಸಾಧ್ಯತೆಯೂ ಇರುವುದರಿಂದ, ಕೇಳಿದ ಮೇಲೆ ತಾಯಿಯ ಪಿಐಡಿ ಬದಲಾಗಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳುತ್ತದೆ.

ಗುಂಪಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮರಿ ಸತ್ತು ಮೊಮ್ಮಕ್ಕಳು ಉಳಿದಿರುವಾಗ ಅವನ್ನೂ ತೆಗೆಯಬೇಕು, ಆದರೆ ಮರಿಯನ್ನು ವೇಟ್ ಮಾಡಿ ಮುಗಿಸಿದ ಮೇಲೆ ಆ ಗುಂಪು ಬರಿದಾಗಿದ್ದರೆ ಅದರ ಸಂಖ್ಯೆ ಇನ್ನಾರಿಗೋ ಸಿಗಬಹುದು. ವೇಟ್‌ಐಡಿ ಕರೆಯಲ್ಲಿ ಮರಿಯನ್ನು ಜೋಂಬಿಯಾಗಿಯೇ ಉಳಿಸಿ ಸುದ್ದಿಯನ್ನು ಮಾತ್ರ ತಿಳಿಸುವ ಆಯ್ಕೆಯೊಂದಿದೆ. ಅದನ್ನು ಬಳಸಿ, ಸುದ್ದಿ ತಿಳಿದು, ಗುಂಪಿಗೆ ಸಿಗ್‌ಕಿಲ್ ಕಳುಹಿಸಿ, ಆಮೇಲೆ ಮರಿಯನ್ನು ಮುಗಿಸುತ್ತೇನೆ. ತಾನೇ ಹೊಸ ಸೆಷನ್ ಮಾಡಿಕೊಂಡು ಗುಂಪಿನಿಂದ ತಪ್ಪಿಸಿಕೊಳ್ಳುವ ಪ್ರೋಗ್ರಾಂಗಳನ್ನು ಈ ಬಲೆ ಹಿಡಿಯುವುದಿಲ್ಲ. ಅದಕ್ಕೆ, ಪ್ರೋಸೆಸ್‌ಗಳನ್ನು ಕರ್ನಲ್ ತಾನೇ ಗುಂಪುಗೂಡಿಸಿ ಇಡುವ ಸಿಗ್ರೂಪ್‌ಗಳೇ ಬೇಕು. ನನ್ನ ಪ್ರೋಗ್ರಾಂಗಳು ಹಾಗೆ ಮಾಡುವುದಿಲ್ಲವಾದ್ದರಿಂದ ಸದ್ಯಕ್ಕೆ ಇಲ್ಲಿಗೇ ಬಿಟ್ಟಿದ್ದೇನೆ.

ಲಾಗ್‌ಗಳ ವಿಷಯದಲ್ಲಿ ನಡೆದ ತಪ್ಪು ಬೇರೆ ಬಗೆಯದು. ಲಾಗ್ ಕಡತ ನಿಗದಿತ ಗಾತ್ರವನ್ನು ಮುಟ್ಟಿದಾಗ ಆ ಮರಿಯ ಪೈಪ್ ಅನ್ನು ಪೋಲ್ ಪಟ್ಟಿಯಿಂದ ತೆಗೆದುಬಿಡುತ್ತಿದ್ದೆ. ಬರೆಯಲು ಜಾಗವಿಲ್ಲದ ಮೇಲೆ ಓದುವುದೇಕೆ ಎಂಬುದು ಆಗಿನ ಯೋಚನೆ. ಕೆಲವು ಗಂಟೆಗಳ ನಂತರ ಪರಿವರ್ತಕಗಳು ಒಂದೊಂದಾಗಿ ನಿಂತವು. ಅವು ಸತ್ತಿರಲಿಲ್ಲ, ಸಿಪಿಯು ಬಳಸುತ್ತಿರಲಿಲ್ಲ, ಕಾವಲಿನ ಲೆಕ್ಕದಲ್ಲಿ ಓಡುತ್ತಲೇ ಇದ್ದವು. ಲಿನಕ್ಸ್‌ನಲ್ಲಿ ಪೈಪ್ ಹಿಡಿಯುವುದು ಸಾಮಾನ್ಯವಾಗಿ 65536 ಬೈಟ್‌ಗಳನ್ನು. ಓದುವವರಿಲ್ಲದೆ ಅದು ತುಂಬಿದ ಮೇಲೆ ಬರೆಯುವ ಪ್ರೋಸೆಸ್ ಆ ಬರಹದ ಕರೆಯಲ್ಲೇ ಮಲಗಿಬಿಡುತ್ತದೆ. ಈಗ ಕಾವಲು ಪೈಪ್ ಅನ್ನು ಯಾವ ಸ್ಥಿತಿಯಲ್ಲೂ ಓದುತ್ತಲೇ ಇರುತ್ತದೆ. ಕಡತ ತುಂಬಿದರೆ ಹಳೆಯದನ್ನು ಪಕ್ಕಕ್ಕಿಟ್ಟು ಹೊಸದನ್ನು ತೆರೆಯುತ್ತದೆ, ಡಿಸ್ಕ್ ತುಂಬಿದ್ದರೆ ಓದಿದ್ದನ್ನು ಚೆಲ್ಲಿ, ಎಷ್ಟು ಬೈಟ್ ಚೆಲ್ಲಿದೆ ಎಂಬ ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಮತ್ತೆ ಎಬ್ಬಿಸುವ ಅಂತರ ಒಂದು ಸೆಕೆಂಡ್‌ನಿಂದ ಶುರುವಾಗಿ, ಪ್ರತಿ ಸೋಲಿಗೂ ದುಪ್ಪಟ್ಟಾಗುತ್ತಾ 60 ಸೆಕೆಂಡ್‌ಗೆ ನಿಲ್ಲುತ್ತದೆ. ಮರಿ ಎರಡು ನಿಮಿಷ ಬದುಕಿದ್ದರೆ ಅಂತರ ಮತ್ತೆ ಒಂದು ಸೆಕೆಂಡ್‌ಗೆ ಇಳಿಯುತ್ತದೆ. ಅಳತೆಗೆ ಗೋಡೆ ಗಡಿಯಾರದ ಸಮಯವನ್ನು ಬಳಸದೆ, ಹಿಂದಕ್ಕೆ ಹೋಗದ ಮಾನೊಟಾನಿಕ್ ಗಡಿಯಾರವನ್ನೇ ಬಳಸಿದ್ದೇನೆ. ಆದೇಶಗಳಿಗೆ ಯೂನಿಕ್ಸ್ ಸಾಕೆಟ್ ಇದೆ. ‘ಸ್ಥಿತಿ’, ‘ನಿಲ್ಲಿಸು’, ‘ಶುರುಮಾಡು’ ಎಂಬ ಮೂರು ಪದಗಳನ್ನಷ್ಟೇ ಅದು ಅರ್ಥಮಾಡಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ಈವರೆಗೆ ಬೇಕಾಗಿಲ್ಲ.

ಈಗ ಹೇಳಬೇಕಾದ ಒಂದೇ ಒಂದು ಸಂದರ್ಭ ಉಳಿದಿದೆ. ಜಾಲದ ಮೂಲಕ ಜೋಡಿಸಿದ ಡಿಸ್ಕ್ ಉತ್ತರಿಸದೆ ನಿಂತಾಗ ಪರಿವರ್ತಕ ಕೆಲವೊಮ್ಮೆ ‘ಡಿ’ ಸ್ಥಿತಿಗೆ, ಅಂದರೆ ಎಚ್ಚರಿಸಲಾಗದ ನಿದ್ರೆಗೆ ಹೋಗುತ್ತದೆ. ಕರ್ನಲ್ ಆ ಕಾಯುವಿಕೆಯಿಂದ ಹೊರಬರುವವರೆಗೆ ಸಿಗ್‌ಕಿಲ್ ಕೂಡ ಬಾಕಿಯಾಗಿಯೇ ಇರುತ್ತದೆ. ಮೊದಲು ಕಾವಲು ಸಿಗ್‌ಕಿಲ್ ಕಳುಹಿಸಿದ ಕೂಡಲೇ ಆ ಮರಿ ಹೋಯಿತೆಂದು ಎಣಿಸಿ ಹೊಸದನ್ನು ಹುಟ್ಟಿಸುತ್ತಿತ್ತು, ಆ ಹೊಸದೂ ಅದೇ ಡಿಸ್ಕ್‌ಗೆ ಹೋಗಿ ಅದೇ ನಿದ್ರೆಗೆ ಬೀಳುತ್ತಿತ್ತು. ಈಗ ಸಿಗ್‌ಕಿಲ್ ಕಳುಹಿಸಿದ ಮೇಲೂ ವೇಟ್‌ನಿಂದ ಸುದ್ದಿ ಬರುವವರೆಗೆ ಆ ಜಾಗವನ್ನು ‘ಹೋಗುತ್ತಿದೆ’ ಎಂದೇ ಗುರುತಿಸಿ, ಅಲ್ಲಿಗೆ ಇನ್ನೊಂದನ್ನು ತರುವುದಿಲ್ಲ. ಮೂವತ್ತು ಸೆಕೆಂಡ್ ಕಳೆದರೆ ಲಾಗ್‌ನಲ್ಲಿ ಒಂದು ಸಾಲು ಬರೆದು, ಕಾಯುತ್ತದೆ.